ಒಂದು ಮೈಕ್ರೋವೋಲ್ಟನ್ನು ತಯಾರಿಸುವ ಬಗೆ

ರೇಡಿಯೋ ಗ್ರಾಹಕದ ಸೂಕ್ಷ್ಮತೆ ಒಂದು ಮೈಕ್ರೋವೋಲ್ಟ್ ಎಂದು ತಯಾರಕರು ಬರೆದಿರುತ್ತಾರೆ. ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಪೊಲೀಸ್ ವೈರ್‌ಲೆಸ್ಸಿನಲ್ಲೋ ವಿಮಾನದ ರೇಡಿಯೋದಲ್ಲೋ ಈ ಅಂಕಿ ಸುಳ್ಳಾದರೆ, ದೂರದ ದನಿ ಬೇಕಾದ ಹೊತ್ತಿಗೆ ಕೇಳಿಸದು. ಪರೀಕ್ಷಿಸಲು ನಂಬಲರ್ಹವಾದ ಒಂದು ಮೈಕ್ರೋವೋಲ್ಟ್ ಬೇಕು. ಅದನ್ನು ತರುವುದೆಲ್ಲಿಂದ?

ನೇರವಾಗಿ ಅಳೆಯುವುದು ಬಹಳ ಕಷ್ಟ. 50 ಓಮ್ ರೋಧದಲ್ಲಿ ಒಂದು ಮೈಕ್ರೋವೋಲ್ಟಿನಿಂದ ದೊರೆಯುವ ಸಾಮರ್ಥ್ಯ ಒಂದು ವಾಟಿನ ಐವತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು! ಆದ್ದರಿಂದ ದೊಡ್ಡದನ್ನು ಅಳೆದು, ಗೊತ್ತಿರುವ ಪ್ರಮಾಣದಲ್ಲಿ ಕುಗ್ಗಿಸುತ್ತಾರೆ. 0.1 ವೋಲ್ಟ್ ಅದೇ 50 ಓಮಿನಲ್ಲಿ 0.2 ಮಿಲಿವಾಟ್ ಶಾಖ ಕೊಡುತ್ತದೆ. ಥರ್ಮಿಸ್ಟರ್ ಇರುವ ಪವರ್ ಮೀಟರ್ ಇದನ್ನು ಚೆನ್ನಾಗಿ ಅಳೆಯಬಲ್ಲದು. ಮುಂದಿನದು ಅಟೆನ್ಯುಯೇಟರಿನ ಕೆಲಸ. 247.5 ಓಮಿನ ರೋಧಕವೊಂದು ಸರಣಿಯಲ್ಲಿ, ಅದರ ಎರಡೂ ತುದಿಗಳಿಂದ ನೆಲಕ್ಕೆ 61.1 ಓಮಿನ ಒಂದೊಂದು: ಇದು 20 ಡೆಸಿಬೆಲ್ಲಿನ ಒಂದು ಹಂತ. ವೋಲ್ಟೇಜು ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಇಂಥ ಐದು ಹಂತ ದಾಟಿದರೆ ಒಂದು ಮೈಕ್ರೋವೋಲ್ಟ್.

ಕಾಗದದ ಮೇಲೆ ಸುಲಭ. ನಿಜವಾದ ಶತ್ರು ಸೋರಿಕೆ. ಮೊದಲಿನ 0.1 ವೋಲ್ಟಿನ ಲಕ್ಷದಲ್ಲೊಂದು ಪಾಲು ಪಕ್ಕದ ದಾರಿಯಿಂದ ನುಸುಳಿದರೂ ಅದು ನಮಗೆ ಬೇಕಾದ ಸಂಕೇತದಷ್ಟೇ ಆಗುತ್ತದೆ. ಹಾಗಾಗಿ ಪ್ರತಿ ಹಂತಕ್ಕೂ ಪ್ರತ್ಯೇಕ ಲೋಹದ ಕೋಣೆ, ಕೇಬಲ್ಲಿಗೆ ಎರಡು ಪದರ ಹೊದಿಕೆ. ಮೊಬೈಲ್ ಗೋಪುರಗಳ ನಡುವಿನ ಕುಂದಲಹಳ್ಳಿಯಂಥ ಕಡೆ, ಹೊದಿಕೆಯಿಲ್ಲದ ಗೇಣುದ್ದ ತಂತಿಯೇ ಮೈಕ್ರೋವೋಲ್ಟುಗಟ್ಟಲೆ ಹೊರಗಿನ ಸಂಕೇತ ಹಿಡಿದೀತು. ಇನ್ನೊಂದು 20 ಡೆಸಿಬೆಲ್ ಸೇರಿಸಿದಾಗ ಸಂಕೇತ ಹತ್ತನೆಯ ಒಂದಕ್ಕೆ ಇಳಿಯದಿದ್ದರೆ ಸೋರಿಕೆಯನ್ನೇ ಮೊದಲು ಅನುಮಾನಿಸಿ.

ರೋಧಕಗಳೇ ಇಲ್ಲದ ಸೊಗಸಾದ ಉಪಾಯವೊಂದುಂಟು. ಅಲೆ ಸಾಗಲಾಗದಷ್ಟು ಕಿರಿದಾದ ಲೋಹದ ಕೊಳವೆಯೊಳಗೆ ಒಂದು ಸುರುಳಿಯನ್ನು ಪಿಸ್ಟನ್ನಿನಂತೆ ಹಿಂದೆ ಸರಿಸುವುದು. ಕೊಳವೆಯ ಒಂದು ವ್ಯಾಸದಷ್ಟು ಸರಿದರೆ ಸುಮಾರು 32 ಡೆಸಿಬೆಲ್, ಎಂದರೆ ನಲವತ್ತನೆಯ ಒಂದಕ್ಕೆ ಇಳಿತ. ತೀರ ಹತ್ತಿರದಲ್ಲಿ ಈ ಲೆಕ್ಕ ಕೂಡದು. ಉಳಿದಂತೆ ವಿದ್ಯುತ್ತಿನ ಪ್ರಮಾಣವನ್ನು ಇಲ್ಲಿ ಉದ್ದದ ಅಳತೆಯೇ ನಿರ್ಧರಿಸುತ್ತದೆ.

ವಿದ್ಯಾರ್ಥಿಗಳು ಎಡವುವ ಜಾಗವೊಂದಿದೆ. ಕೆಲವು ಸಿಗ್ನಲ್ ಜನರೇಟರುಗಳ ಮೇಲಿನ ಅಂಕಿ ಹೊರೆಯಿಲ್ಲದಾಗಿನ ವೋಲ್ಟೇಜು. 50 ಓಮಿನ ಗ್ರಾಹಕ ಜೋಡಿಸಿದೊಡನೆ ಅದು ಅರ್ಧವಾಗುತ್ತದೆ. ತಿಳಿಯದಿದ್ದರೆ ಒಳ್ಳೆಯ ಗ್ರಾಹಕವನ್ನೂ ಕೆಟ್ಟದ್ದೆಂದು ತಿರಸ್ಕರಿಸುತ್ತೀರಿ.

ಈ ಉಪಕರಣಗಳನ್ನೂ ಆಗಾಗ ತಾಳೆ ನೋಡಬೇಕು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಇಂಥ ಕ್ಯಾಲಿಬ್ರೇಷನ್‌ಗೆ ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರವಿದೆ. ದೇಶದ ಮೂಲಮಾನಗಳಿರುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ.