ನೀರಡಿಕೆ ಕೈಕೊಟ್ಟಾಗ

2019ರ ಮೇ ತಿಂಗಳಲ್ಲಿ ಕೃಷ್ಣೆ ಬತ್ತಿ ಹೋಗಿದ್ದಳು. ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ಒಂದಿಷ್ಟು ನೀರು ಬಿಡಿಸಿರಿ ಎಂದು ಚಿಕ್ಕೋಡಿ, ಅಥಣಿ ಭಾಗದ ಜನ ಸರಕಾರದ ಬೆನ್ನು ಹತ್ತಿದ್ದರು. ಮೂರು ತಿಂಗಳು ಕಳೆಯುವುದರೊಳಗೆ, ಆಗಸ್ಟ್ ಮೊದಲ ವಾರಗಳಲ್ಲಿ, ಅದೇ ಹೊಳೆ ಊರೊಳಗೆ ನುಗ್ಗಿತು. ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಿಡಬೇಕಾಯಿತು.

ಕೊಕಟನೂರಿಗೆ ಮಹಾಪೂರ ಬರುವುದಿಲ್ಲ. ಅದು ಅಥಣಿ ತಾಲ್ಲೂಕಿನ ಒಣ ಬದಿಯ ಊರು. ಅಲ್ಲಿಯವರಿಗೆ ಗೊತ್ತಿರುವುದು ಬಿಸಿಲು, ಬರ, ಟ್ಯಾಂಕರ್ ನೀರು. ಆದರೆ ಬೀಗರು, ನೆಂಟರು ಹೊಳಿಸಾಲಿನಲ್ಲೂ ಇರುತ್ತಾರೆ. ಸಪ್ತಸಾಗರ, ಹುಲಗಬಾಳಿ, ಜುಗೂಳದ ಕಡೆ ಹೊಳೆ ಏರಿತೆಂದರೆ ಒಣ ಬದಿಯ ಮನೆಗಳಿಗೂ ನಿದ್ದೆ ಇರುವುದಿಲ್ಲ. ಒಂದು ಕಡೆ ನೀರಿಲ್ಲ, ಇನ್ನೊಂದು ಕಡೆ ನೀರೇ ನೀರು. ಆದರೂ ಎರಡೂ ಕಡೆಯ ಮುತ್ಯಾ, ಆಯಿಯರಿಗೆ ಒದಗುವ ಅಪಾಯಗಳಲ್ಲಿ ಒಂದು ಒಂದೇ ಬಗೆಯದು: ಮೈಯೊಳಗಿನ ನೀರು ಇಳಿಯುತ್ತದೆ, ಇಳಿದದ್ದು ಅವರಿಗೇ ತಿಳಿಯುವುದಿಲ್ಲ.

ನಮಗೆ ನೀರಡಿಕೆ ಆಗುವುದು ಗಂಟಲಿನಿಂದಲ್ಲ, ಮಿದುಳಿನಿಂದ. ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವಿದೆ. ಅದರ ಸುತ್ತಲಿನ ಕೆಲವು ನರಕೋಶಗಳು ರಕ್ತದ ಗಾಢತೆಯನ್ನು ಸದಾ ಅಳೆಯುತ್ತಿರುತ್ತವೆ. ಬೆವರು, ಉಸಿರು, ಮೂತ್ರದಲ್ಲಿ ನೀರು ಹೋಗಿ ಆ ಗಾಢತೆ ನೂರಕ್ಕೆ ಒಂದೆರಡು ಪಾಲು ಏರಿದರೂ ಸಾಕು, ಎರಡು ಆಜ್ಞೆ ಹೊರಡುತ್ತವೆ. ಒಂದು ನಮಗೆ: ಕುಡಿ. ಇನ್ನೊಂದು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನ ಮೂಲಕ ಮೂತ್ರಪಿಂಡಕ್ಕೆ: ನೀರನ್ನು ಹಿಡಿದಿಟ್ಟುಕೊ. ಹರೆಯದಲ್ಲಿ ಈ ಏರ್ಪಾಟು ಎಷ್ಟು ಚುರುಕೆಂದರೆ ನಾವು ಅದರ ಬಗ್ಗೆ ಯೋಚಿಸುವುದೇ ಇಲ್ಲ.

ವಯಸ್ಸಾದಂತೆ ಮೊದಲ ಆಜ್ಞೆಯ ಬಲ ಕುಂದುತ್ತದೆ. 1984ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗ ಇದನ್ನು ಸರಳವಾಗಿ ತೋರಿಸಿಕೊಟ್ಟಿತು. 67ರಿಂದ 75 ವಯಸ್ಸಿನ ಏಳು ಮಂದಿ ಆರೋಗ್ಯವಂತ ಗಂಡಸರು, ಇಪ್ಪತ್ತರ ಹರೆಯದ ಏಳು ಮಂದಿ. ಎಲ್ಲರೂ 24 ಗಂಟೆ ನೀರು ಕುಡಿಯುವುದನ್ನು ಬಿಟ್ಟರು. ನಂತರ ಮುಂದೆ ನೀರಿಟ್ಟು ಬೇಕಾದಷ್ಟು ಕುಡಿಯಿರಿ ಎಂದಾಗ ಹುಡುಗರು ಗಟಗಟನೆ ಕುಡಿದರು. ಹಿರಿಯರ ರಕ್ತ ಹುಡುಗರದಕ್ಕಿಂತ ಹೆಚ್ಚು ಗಾಢವಾಗಿದ್ದರೂ ಅವರಿಗೆ ಅಷ್ಟು ನೀರಡಿಕೆಯೇ ಆಗಿರಲಿಲ್ಲ. ಕುಡಿದದ್ದೂ ಕಡಿಮೆ. ಅವರು ರೋಗಿಗಳಾಗಿರಲಿಲ್ಲ, ಗಟ್ಟಿಮುಟ್ಟಾಗಿದ್ದವರು ಎಂಬುದನ್ನು ಮರೆಯಬಾರದು.

ಇದರ ಜೊತೆಗೆ ಮೈಯಲ್ಲಿರುವ ದಾಸ್ತಾನೇ ಸಣ್ಣದಾಗುತ್ತದೆ. ಹರೆಯದ ಗಂಡಸಿನ ತೂಕದಲ್ಲಿ ನೂರಕ್ಕೆ ಅರವತ್ತರಷ್ಟು ನೀರಾದರೆ ಇಳಿವಯಸ್ಸಿನಲ್ಲಿ ಅದು ಐವತ್ತರ ಆಸುಪಾಸಿಗೆ ಬರುತ್ತದೆ. ಮೂತ್ರಪಿಂಡವೂ ಮೊದಲಿನಷ್ಟು ನೀರನ್ನು ಹಿಂದಕ್ಕೆ ಎಳೆದುಕೊಳ್ಳಲಾರದು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನಡೆದಿದ್ದರೆ ಸೋರಿಕೆ ಇನ್ನಷ್ಟು.

ಈಗ ಕೊಕಟನೂರಿನ ಏಪ್ರಿಲ್ ಮಧ್ಯಾಹ್ನವನ್ನು ನೆನೆಯಿರಿ. ಹೊರಗೆ 40 ಡಿಗ್ರಿಯ ಆಸುಪಾಸು. ದಪ್ಪ ಮಣ್ಣಿನ ಮಾಳಿಗೆಯ ಹಳೆಯ ಮನೆಯಾದರೆ ಒಳಗೆ ತಂಪು ಉಳಿದಿರುತ್ತದೆ. ತಗಡಿನ ಶೆಡ್ಡಾದರೆ ಒಳಗಿನ ಗಾಳಿ ಹೊರಗಿಗಿಂತ ಬಿಸಿ. ಇಷ್ಟು ಕಾವಿನಲ್ಲಿ ಮೈಗೆ ಉಳಿದ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಹಿರಿಯರ ಬೆವರುಗ್ರಂಥಿಗಳು ಕಡಿಮೆ ಸುರಿಸುತ್ತವೆ, ಚರ್ಮದತ್ತ ಹರಿಯುವ ರಕ್ತವೂ ಕಡಿಮೆ, ಆ ರಕ್ತವನ್ನು ತಳ್ಳಲು ಹೃದಯ ಹೆಚ್ಚು ದುಡಿಯಬೇಕು. ಹೀಗಾಗಿ ಬಿಸಿಲಿಗೆ ಬಲಿಯಾಗುವ ಹಿರಿಯರು ಹೊಲದಲ್ಲಿ ಬೀಳುವುದಕ್ಕಿಂತ ಮನೆಯೊಳಗೆ, ಮಂಚದ ಮೇಲೆ, ಸದ್ದಿಲ್ಲದೆ ಹೋಗುವುದು ಹೆಚ್ಚು. ಸಾವಿಗೆ ಹೃದಯಾಘಾತ ಎಂದೋ ವಯಸ್ಸಾಗಿತ್ತು ಎಂದೋ ಹೆಸರು ಬೀಳುತ್ತದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿ ಮುಟ್ಟಿತ್ತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚು ಸಂಭವಿಸಿದ್ದವು. ಇದು ತಿಳಿದದ್ದು ಸಂಶೋಧಕರು ನಂತರ ಸಾವಿನ ದಾಖಲೆಗಳನ್ನು ಲೆಕ್ಕ ಹಾಕಿದಾಗ. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲೇ ಮೊದಲ ಶಾಖ ಕ್ರಿಯಾ ಯೋಜನೆಯನ್ನು ರೂಪಿಸಿತು.

ಮನೆಯವರು ಗುರುತಿಸುವುದು ಹೇಗೆ? ಕೈಮೇಲಿನ ಚರ್ಮ ಚಿವುಟಿ ನೋಡುವ ಪರೀಕ್ಷೆಯನ್ನು ಹಿರಿಯರಲ್ಲಿ ನಂಬುವಂತಿಲ್ಲ. ಅವರ ಚರ್ಮ ಹೇಗೂ ಬಿಗಿ ಕಳೆದುಕೊಂಡಿರುತ್ತದೆ. ಮೂತ್ರದ ಬಣ್ಣವೂ ಪೂರ್ತಿ ಸರಿ ಹೇಳದು. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದ ಮುತ್ಯಾ ಇವತ್ತು ವಾರ ಮರೆತರೆ, ಏಳುವಾಗ ತೂರಾಡಿದರೆ, ಸುಮ್ಮನೆ ಮಂಕಾಗಿ ಕುಳಿತರೆ ವಯಸ್ಸಾಯ್ತು ಬಿಡು ಎಂದು ತಳ್ಳಿಹಾಕಬೇಡಿ. ಮೈ ಸುಡುತ್ತಿದ್ದು ಮಾತು ತೊದಲಿದರೆ ಅದು ತುರ್ತು. 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಬಾರದು. ಇನ್ನು ಫ್ಯಾನಿನ ಮಾತು: ಕೋಣೆಯ ಗಾಳಿ 40 ಡಿಗ್ರಿ ಮುಟ್ಟಿದಾಗ ಫ್ಯಾನ್ ತಂಪು ಕೊಡುವ ಬದಲು ಕಾವನ್ನೇ ಮೈಗೆ ಬಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಒದ್ದೆ ಮಾಡಿ ಹಿಂಡಿದ ಟವೆಲ್ಲನ್ನು ಕುತ್ತಿಗೆ, ತೋಳುಗಳ ಮೇಲೆ ಹಾಕಿದರೆ ಕಡಿಮೆಯಾದ ಬೆವರಿನ ಕೆಲಸವನ್ನು ಆ ಬಟ್ಟೆಯೇ ಮಾಡುತ್ತದೆ.

ನೀರಡಿಕೆ ಸುದ್ದಿ ಮುಟ್ಟಿಸದಿದ್ದರೆ ಆ ಕೆಲಸವನ್ನು ಗಡಿಯಾರಕ್ಕೆ ಒಪ್ಪಿಸಬೇಕು. ಹಿರಿಯ ಹೆಂಗಸರಿಗೆ ದಿನಕ್ಕೆ ಕನಿಷ್ಠ 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ ಎಂದು ಯುರೋಪಿನ ಪೋಷಣಾ ತಜ್ಞರ ಸಂಘ ಹೇಳುತ್ತದೆ. ನಮ್ಮ ಬೇಸಿಗೆಗೆ ಅದಕ್ಕಿಂತ ಹೆಚ್ಚೇ ಬೇಕು. ಎಲ್ಲವೂ ಬರಿ ನೀರೇ ಆಗಬೇಕೆಂದಿಲ್ಲ. ಜೋಳದ ಅಂಬಲಿ, ಉಪ್ಪು ಹಾಕಿದ ತೆಳು ಮಜ್ಜಿಗೆ, ಬೆಳಗಿನ ಚಹಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರ ಅಳತೆ ಬೇರೆ. ಮಾರ್ಚ್ ತಿಂಗಳಲ್ಲೇ ವೈದ್ಯರನ್ನು ಕಂಡು, ಬೇಸಿಗೆಯಲ್ಲಿ ಎಷ್ಟು ಕುಡಿಯಬೇಕು, ಮಾತ್ರೆಯ ಪ್ರಮಾಣ ಬದಲಾಗಬೇಕೇ ಎಂದು ಕೇಳಿಕೊಳ್ಳಿ. ನಾವಾಗಿಯೇ ಮಾತ್ರೆ ನಿಲ್ಲಿಸುವುದು ಅಪಾಯ.

ಹೊಳಿಸಾಲಿನ ಕಥೆಗೆ ಬರೋಣ. ಕೃಷ್ಣೆಯ ಮಹಾಪೂರಕ್ಕೆ ಒಂದು ದೊಡ್ಡ ಗುಣವಿದೆ: ಅದು ಹೇಳಿ ಬರುತ್ತದೆ. ಕೊಯ್ನಾದಿಂದ ಎಷ್ಟು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಎಷ್ಟು ಹೊರಟಿತು, ದೂಧಗಂಗಾ, ವೇದಗಂಗಾ ಎಷ್ಟು ತುಂಬಿವೆ ಎಂಬ ಸುದ್ದಿ ನೀರಿಗಿಂತ ಮೊದಲು ಊರು ಮುಟ್ಟುತ್ತದೆ. ಆದರೂ ಹಿರಿಯರೇ ಕೊನೆಗೆ ಮನೆ ಬಿಡುತ್ತಾರೆ. ಎಮ್ಮೆಯನ್ನು ಯಾರು ನೋಡಬೇಕು ಎಂಬ ಚಿಂತೆ ಒಂದು ಕಡೆ, ಅನುಭವದ ಮೇಲಿನ ಭರವಸೆ ಇನ್ನೊಂದು ಕಡೆ. 2005ರಲ್ಲಿ ಕಟ್ಟೆಯ ತನಕ ಬಂದು ನಿಂತಿತ್ತು, ಈ ಸಲವೂ ಅಷ್ಟೇ ಎಂಬ ಲೆಕ್ಕ. ಮೇಲ್ಭಾಗದ ಸಾಂಗ್ಲಿಯಲ್ಲಿ ಅಯರ್ವಿನ್ ಸೇತುವೆಯ ಬಳಿ ಕೃಷ್ಣೆ 2005ರಲ್ಲಿ ಸುಮಾರು 54 ಅಡಿ ಏರಿತ್ತು; 2019ರಲ್ಲಿ 57 ಅಡಿ ದಾಟಿತು. ಆ ಅನುಭವ ಸುಳ್ಳಲ್ಲ, ಆದರೆ ಅದರ ಆಚೆಗೂ ನೀರು ಏರಬಲ್ಲದು. ತಡ ಮಾಡಿದವರಿಗೆ ದೋಣಿಯೊಂದೇ ಗತಿ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಕಿಕ್ಕಿರಿದ ದೋಣಿ ಮಗುಚಿ ಹಲವರು ಜೀವ ಕಳೆದುಕೊಂಡರು. ಮೊಣಕಾಲು ನೋವಿನ ಆಯಿಯನ್ನು ಒಣ ರಸ್ತೆಯಲ್ಲಿ, ಹಗಲಿನಲ್ಲಿ, ಟಂಟಂನಲ್ಲಿ ಕೂರಿಸಿ ಕಳುಹಿಸುವುದು ಸುಲಭ. ಊರಿಗೆ ಎಚ್ಚರಿಕೆ ಬಂದ ದಿನವೇ ಮೊದಲ ಗಾಡಿ ಹಿರಿಯರದಾಗಬೇಕು. ಎಮ್ಮೆಗೂ ಜಾಗ ಗೊತ್ತು ಮಾಡಿದರೆ ಅವರು ಹೊರಡಲು ಒಪ್ಪುತ್ತಾರೆ.

ನೆರೆಪೀಡಿತರ ಕಾಳಜಿ ಕೇಂದ್ರ ಮುಟ್ಟಿದ ಮೇಲೆ ಗಂಡಾಂತರ ಮುಗಿಯಿತು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಹಿರಿಯರಿಗೆ ಅಲ್ಲಿ ಇನ್ನೊಂದು ಕಷ್ಟ ಶುರುವಾಗುತ್ತದೆ. ಕೇಂದ್ರವೆಂದರೆ ಸಾಮಾನ್ಯವಾಗಿ ಶಾಲೆ. ಶೌಚಾಲಯ ಮಕ್ಕಳ ಅಳತೆಯದು, ಕುಕ್ಕುರುಗಾಲಲ್ಲಿ ಕೂರಬೇಕು, ಅಂಗಳ ದಾಟಿ ಕತ್ತಲಲ್ಲಿ, ರಾಡಿಯಲ್ಲಿ ಹೋಗಬೇಕು. ನೀರು ಕುಡಿ ಆಯಿ ಎಂದರೆ ಬರುವ ಉತ್ತರ ಎಲ್ಲರಿಗೂ ಗೊತ್ತಿರುವುದೇ: “ಕುಡದ್ರ ರಾತ್ರಿ ಏಳಬೇಕಾಗ್ತೈತಿ, ಯಾರನ್ನ ಎಬ್ಬಸ್ಲಿ? ಬ್ಯಾಡ ಬಿಡ.” ಸಂಕೋಚಕ್ಕೆ ಗಂಟಲನ್ನು ಒಣಗಿಸಿಕೊಳ್ಳುತ್ತಾರೆ. ಮೊದಲೇ ಮಂದವಾದ ನೀರಡಿಕೆ ಅವರಿಗೆ ಅಡ್ಡಿಯನ್ನೂ ಮಾಡುವುದಿಲ್ಲ.

ನೀರಿಲ್ಲದೆ ಗಾಢವಾದ ರಕ್ತ, ಇಡೀ ದಿನ ಒಂದೇ ಜಾಗದಲ್ಲಿ ಕುಳಿತ ಕಾಲು: ಇವೆರಡು ಕೂಡಿದರೆ ಕಾಲಿನ ಆಳದ ರಕ್ತನಾಳದಲ್ಲಿ ಗಡ್ಡೆ ಕಟ್ಟಬಹುದು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ. ಜಪಾನಿನ ನೀಗಾತ ಪ್ರಾಂತದಲ್ಲಿ 2004ರ ಅಕ್ಟೋಬರ್ ಭೂಕಂಪದ ನಂತರ ಕಾರುಗಳಲ್ಲಿ ಮಲಗಿದ್ದ ಕೆಲವರು ಹೀಗೆಯೇ ಸತ್ತರು. 2016ರ ಕುಮಮೊತೊ ಭೂಕಂಪದಲ್ಲಿ ನೇರವಾಗಿ ಸತ್ತವರು 50 ಮಂದಿ. ನಂತರದ ದಿನಗಳ ಬಳಲಿಕೆ, ಸೋಂಕು, ಹೃದಯದ ತೊಂದರೆ, ನಿಂತುಹೋದ ಚಿಕಿತ್ಸೆಯಿಂದ ಸತ್ತವರು 200ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಹಿರಿಯರು. ಇಂಥ ಸಾವುಗಳನ್ನು ವಿಪತ್ತಿನ ಸಾವು ಎಂದೇ ಆ ದೇಶ ಲೆಕ್ಕಕ್ಕೆ ಹಿಡಿಯುತ್ತದೆ. ಆ ಲೆಕ್ಕದಿಂದಲೇ ಅಲ್ಲಿನ ತಜ್ಞರು ಶೌಚಾಲಯ, ಅಡುಗೆಮನೆ, ಹಾಸಿಗೆ ಈ ಮೂರಕ್ಕೆ ಮೊದಲ ಸ್ಥಾನ ಕೊಡಿ ಎಂದು ಒತ್ತಾಯಿಸುತ್ತಿದ್ದಾರೆ. ನಮ್ಮಲ್ಲಿಯೂ ಇಂಥ ಸಾವುಗಳನ್ನು ಬೇರೆಯಾಗಿ ಬರೆದಿಡಬೇಕು. ಎಣಿಸದಿದ್ದರೆ ಅವನ್ನು ತಡೆಯಲು ಯಾರೂ ಮುಂದಾಗುವುದಿಲ್ಲ.

ಚೀಲದಲ್ಲಿ ಏನಿರಬೇಕು ಎಂದು ಕೇಳುವವರಿದ್ದಾರೆ. ಎರಡು ವಾರಕ್ಕಾಗುವ ಮಾತ್ರೆ, ವೈದ್ಯರ ಚೀಟಿ, ಆಧಾರ್, ಪಿಂಚಣಿಯ ಪಾಸ್‌ಬುಕ್ಕು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿರಲಿ. ಕನ್ನಡಕ, ಹಲ್ಲಿನ ಸೆಟ್ಟು, ಕಿವಿಯ ಯಂತ್ರದ ಸೆಲ್, ಬ್ಯಾಟರಿ, ನಾಲ್ಕು ಓಆರ್‌ಎಸ್ ಪೊಟ್ಟಣ ಮರೆಯದಿರಲಿ. ಮೊಬೈಲ್ ಸತ್ತರೆ ನೆರವಿಗೆ ಬರುವುದು ಕಾಗದವೇ; ಮಕ್ಕಳ ನಂಬರಿನ ಕೆಳಗೆ 112, 108, ಜಿಲ್ಲಾ ನಿಯಂತ್ರಣ ಕೊಠಡಿಯ 1077, ಹಿರಿಯರ ಸಹಾಯವಾಣಿ 14567 ದಪ್ಪ ಅಕ್ಷರದಲ್ಲಿ ಬರೆದಿಡಿ. ಕೊಳವೆಬಾವಿ ಮುಳುಗಿದ ಊರಿನಲ್ಲಿ ಕುದಿಸಿದ ನೀರೇ ಗತಿ.

ಇನ್ಸುಲಿನ್ ತೆಗೆದುಕೊಳ್ಳುವವರ ಭಯ ಬೇರೆಯೇ. ಕರೆಂಟು ಹೋಗಿ ಫ್ರಿಜ್ ನಿಂತರೆ ಔಷಧಿ ಕೆಟ್ಟೀತು ಎಂದು ಚುಚ್ಚುಮದ್ದನ್ನೇ ಬಿಡುವವರಿದ್ದಾರೆ. ಗಡಿರಹಿತ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಕೀನ್ಯಾದ ದಗಹಾಲೆ ನಿರಾಶ್ರಿತರ ಶಿಬಿರದ ತಾಪಮಾನವನ್ನು ಅಳೆದು, 25ರಿಂದ 37 ಡಿಗ್ರಿಯ ನಡುವಿನ ಅದೇ ಏರಿಳಿತವನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಿದರು. ನಾಲ್ಕು ವಾರ ಕಳೆದರೂ ಇನ್ಸುಲಿನ್ ಶಕ್ತಿ ಕುಂದಿರಲಿಲ್ಲ. 2021ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನೀರು ಸಿಂಪಡಿಸಿ ನೆರಳಿನಲ್ಲಿಟ್ಟ ಮಣ್ಣಿನ ಗಡಿಗೆಯೊಳಗೆ, ಒಣ ಡಬ್ಬಿಯಲ್ಲಿ ಹಾಕಿಟ್ಟರೆ ಕಾವು ಇನ್ನೂ ಇಳಿಯುತ್ತದೆ. ಮಂಜುಗಡ್ಡೆಗೆ ತಾಗಿಸಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ನಿರುಪಯೋಗಿ.

ಇದಿಷ್ಟೂ ಮನೆಯ ಕೆಲಸ. ಊರಿನ ಕೆಲಸವೂ ಇದೆ, ಅದಕ್ಕೆ ಹೆಚ್ಚು ಹಣ ಬೇಕಿಲ್ಲ. ಮಕ್ಕಳು ಪುಣೆ, ಇಚಲಕರಂಜಿ ಕಡೆ ದುಡಿಯಲು ಹೋಗಿ ಒಂಟಿಯಾಗಿ ಉಳಿದವರು ಯಾವ ಓಣಿಯಲ್ಲಿದ್ದಾರೆ ಎಂಬುದು ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಆ ಹೆಸರುಗಳನ್ನು ಫೆಬ್ರುವರಿಯಲ್ಲೇ ಪಂಚಾಯಿತಿಯ ಕಡತಕ್ಕೆ ಏರಿಸಿ, ಪ್ರತಿಯೊಬ್ಬರಿಗೂ ಒಬ್ಬ ನೆರೆಯವರನ್ನು ಗೊತ್ತು ಮಾಡಬಹುದು: ಬೇಸಿಗೆಯಲ್ಲಿ ಮಧ್ಯಾಹ್ನ ಒಮ್ಮೆ ಬಾಗಿಲು ತಟ್ಟಿ, ಒಂದು ತಂಬಿಗೆ ಮಜ್ಜಿಗೆ ಕೊಟ್ಟು, ಕುಡಿಯುವವರೆಗೆ ಎದುರಿಗೆ ಕುಳಿತು ಬರುವುದಕ್ಕೆ. ಹೊಳಿಸಾಲಿನ ಪಂಚಾಯಿತಿಗಳು ಜೂನ್ ಒಳಗೆ ಕಾಳಜಿ ಕೇಂದ್ರವಾಗಲಿರುವ ಶಾಲೆಗೆ ನಡುವೆ ತೂತಿರುವ ನಾಲ್ಕಾರು ಪ್ಲಾಸ್ಟಿಕ್ ಕಮೋಡ್ ಕುರ್ಚಿಗಳನ್ನು ತರಿಸಿಡಲಿ. ಹಿರಿಯ ಹೆಂಗಸರಿಗೆ ಶೌಚಾಲಯದ ಪಕ್ಕದ ಕೋಣೆಯನ್ನೇ ಮೀಸಲಿಟ್ಟು, ರಾತ್ರಿ ಆರದಂತೆ ಅಲ್ಲೊಂದು ಸೌರ ದೀಪ ಹಾಕಿಸಲಿ.