ಪಕ್ಕದ ಮನೆಯ ಘಾಟು

ಮಾದಕವಸ್ತು ತಯಾರಿಸುವ ಜಾಗ ಊರಾಚೆ, ಜನರ ಕಣ್ಣಿಗೆ ಬೀಳದ ಕಡೆಯೇ ಇರಬೇಕೆಂದಿಲ್ಲ. 2025ರ ಸೆಪ್ಟೆಂಬರಿನಲ್ಲಿ ತೆಲಂಗಾಣದ ಮಾದಕವಸ್ತು ನಿಗ್ರಹ ಪಡೆ ‘ಈಗಲ್’ ಸಿಕಂದರಾಬಾದಿನ ಹಳೇ ಬೋಯಿನಪಲ್ಲಿಯ ಶಾಲೆಯೊಂದರ ಮೇಲೆ ದಾಳಿ ಮಾಡಿತು. ಮಕ್ಕಳ ಪಾಠ ನಡೆಯುತ್ತಿದ್ದ ಕಟ್ಟಡದಲ್ಲೇ ಅಲ್ಪ್ರಜೋಲಂ ತಯಾರಾಗುತ್ತಿತ್ತು. ಹೆಂಡಕ್ಕೆ ಕದ್ದು ಬೆರೆಸುವುದು ಇದನ್ನೇ. ಅದೇ ವರ್ಷದ ಜುಲೈನಲ್ಲಿ ಮೈಸೂರಿನ ವರ್ತುಲ ರಸ್ತೆ ಬಳಿ ಮೆಫೆಡ್ರೋನ್ ತಯಾರಿಸುತ್ತಿದ್ದ ಶೆಡ್ಡು ಸಿಕ್ಕಿತು. ಅದನ್ನು ಹುಡುಕಿಕೊಂಡು ಬಂದವರು ಮುಂಬೈ ಪೊಲೀಸರು.

ಇಂಥ ಜಾಗದ ಮೊದಲ ಸುಳಿವು ಸಿಗುವುದು ಮೂಗಿಗೆ. ಉಗುರು ಬಣ್ಣ ಅಳಿಸುವ ದ್ರಾವಣದಂಥ, ಬೆಕ್ಕಿನ ಮೂತ್ರದಂಥ ಘಾಟು ದಿನವೂ ಬರುತ್ತದೆ. ಕಿಟಕಿಗೆ ಒಳಗಿನಿಂದ ಹಾಳೆ ಅಂಟಿಸಿರುತ್ತಾರೆ. ಹೊಗೆ ಹೊರದಬ್ಬುವ ಫ್ಯಾನು ರಾತ್ರಿಯಿಡೀ ತಿರುಗುತ್ತದೆ. ಲೇಬಲ್ ಕಿತ್ತ ಕ್ಯಾನು, ನೀಲಿ ಡ್ರಮ್ಮುಗಳು ನಡುರಾತ್ರಿ ಬಂದಿಳಿಯುತ್ತವೆ. ಬಚ್ಚಲ ನೀರು ಹರಿದ ಕಡೆ ಹುಲ್ಲು ಸುಟ್ಟಂತೆ ಒಣಗಿರುತ್ತದೆ. ಮುಂಗಡ ನಗದಾಗಿ ಕೊಟ್ಟ ಬಾಡಿಗೆದಾರ ಮಾಲೀಕನನ್ನೂ ಒಳಗೆ ಬಿಡುವುದಿಲ್ಲ.

ಇವುಗಳಲ್ಲಿ ಒಂದೇ ಒಂದನ್ನು ನೋಡಿ ದೂರುವುದು ಅನ್ಯಾಯ. ಆಂಧ್ರದ ಪರಿಗಿ, ಹಿಂದೂಪುರದ ಸುತ್ತ ರೇಷ್ಮೆ ಬಿಚ್ಚುವ ಮನೆಗಳಿವೆ. ಬೇಯುವ ಗೂಡಿನ ವಾಸನೆಯೂ ಬೀದಿ ತುಂಬುತ್ತದೆ. ಬಣ್ಣ, ವಾರ್ನಿಷ್ ಕೆಲಸದವರ ಘಾಟೂ ಹೀಗೆಯೇ. ಮೂರ್ನಾಲ್ಕು ಗುರುತು ಒಟ್ಟಿಗೆ ಕಂಡು, ವಾರಗಟ್ಟಲೆ ಹಾಗೇ ಇದ್ದರೆ ಮಾತ್ರ ಅನುಮಾನಕ್ಕೆ ಬಲ ಬರುತ್ತದೆ.

ಆಗಲೂ ಬಾಗಿಲು ತಟ್ಟಬಾರದು, ಒಳಗೆ ಇಣುಕಬಾರದು. ಆವಿ ತುಂಬಿದ ಕೋಣೆಯಲ್ಲಿ ಲೈಟಿನ ಸ್ವಿಚ್ಚು ಒತ್ತಿದರೂ ಬೆಂಕಿ ಹೊತ್ತೀತು. ವಾಹನದ ನಂಬರು, ಹೊತ್ತು, ವಾಸನೆ ಬಂದ ದಿನ, ಇಷ್ಟನ್ನು ದೂರದಿಂದಲೇ ಬರೆದಿಟ್ಟುಕೊಂಡರೆ ಸಾಕು. ಆಂಧ್ರದಲ್ಲಿ ಅಲ್ಲಿನದೇ ‘ಈಗಲ್’ ಪಡೆಯ ಸಹಾಯವಾಣಿ 1972; ದೇಶದ ಯಾವ ಊರಿನಿಂದಲಾದರೂ ‘ಮಾನಸ್’ 1933; ತುರ್ತಾದರೆ 112. ತಿಳಿಸಿದವರ ಹೆಸರು ಹೊರಬೀಳುವ ಭಯ ಬಹಳ ಜನರ ಬಾಯಿ ಕಟ್ಟುತ್ತದೆ. ಆದರೆ ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ, ಸುಳಿವು ಎಲ್ಲಿಂದ ಬಂತೆಂದು ಹೇಳುವಂತೆ ಅಧಿಕಾರಿಯನ್ನು ಯಾರೂ ಒತ್ತಾಯಿಸುವಂತಿಲ್ಲ. ಗೊತ್ತಿದ್ದೂ ಮನೆ ಬಿಟ್ಟುಕೊಟ್ಟ ಮಾಲೀಕನಿಗೆ 25ನೇ ಸೆಕ್ಷನ್ ಅಪರಾಧಿಗೆ ಆಗುವ ಶಿಕ್ಷೆಯನ್ನೇ ವಿಧಿಸುತ್ತದೆ.

ದಾಳಿ ಮುಗಿದ ಮೇಲೂ ಗೋಡೆ, ಚರಂಡಿ, ಮಣ್ಣಿನಲ್ಲಿ ವಿಷ ಉಳಿದಿರುತ್ತದೆ. ಅಧಿಕಾರಿಗಳು ಸರಿಯಾಗಿದೆ ಎನ್ನುವ ತನಕ ಆ ಮನೆಯನ್ನು ತೊಳೆಯಲು ಹೋಗಬಾರದು. ಹತ್ತಿರದ ಬೋರ್‌ವೆಲ್ ನೀರು ಕುಡಿಯಬಾರದು. ಮಕ್ಕಳನ್ನು ಆ ಕಡೆ ಆಡಲು ಬಿಡಬಾರದು.