ಕಣ್ಣು ತಿದ್ದಿದ ದನಿ

ಒಬ್ಬಾತ 'ಗ, ಗ, ಗ' ಎನ್ನುತ್ತಿರುವ ವಿಡಿಯೊ. ಅದರ ಧ್ವನಿ ತೆಗೆದುಹಾಕಿ, ಆ ಜಾಗದಲ್ಲಿ 'ಬ, ಬ, ಬ' ಎಂಬ ದನಿ ಕೂರಿಸಿದ್ದಾರೆ. ನೋಡುತ್ತಾ ಕೇಳಿದ ಹೆಚ್ಚಿನವರ ಕಿವಿಗೆ ಬೀಳುವುದು ಗ ಅಲ್ಲ, ಬ ಕೂಡ ಅಲ್ಲ, 'ದ'! ಕಣ್ಣು ಮುಚ್ಚಿದರೆ ಬ, ತೆರೆದರೆ ಮತ್ತೆ ದ. ಒಳಗುಟ್ಟು ತಿಳಿದ ಮೇಲಾದರೂ ಸರಿಯಾಗಿ ಕೇಳಿಸೀತೇ ಎಂದರೆ ಅದೂ ಇಲ್ಲ. 1976ರಲ್ಲಿ ಹ್ಯಾರಿ ಮೆಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನೋವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದರು. ಅಂದಿನಿಂದ ಇದು 'ಮೆಗರ್ಕ್ ಪರಿಣಾಮ'.

ಅದೇಕೆ ದ? ನಮ್ಮ ವರ್ಗೀಯ ವ್ಯಂಜನಗಳನ್ನೊಮ್ಮೆ ಹೇಳಿಕೊಳ್ಳಿ. ಗಂಟಲ ಬಳಿಯ ಕ-ವರ್ಗದಿಂದ ಹೊರಟ ಸಾಲು ತುಟಿಯ ಪ-ವರ್ಗಕ್ಕೆ ಬಂದು ಮುಗಿಯುತ್ತದೆ. ತುಟಿ ಮುಚ್ಚದೆ ಬ ಹುಟ್ಟದು. ಆದರೆ ಕಣ್ಣಿಗೆ ಕಾಣುವ ತುಟಿ ತೆರೆದೇ ಇದೆ. ಕಿವಿಯೋ ಬ ಎಂದು ಹಟ ಹಿಡಿದಿದೆ. ಮಿದುಳು ಪಂಚಾಯಿತಿ ನಡೆಸಿ, ನಡುವೆ ನಾಲಗೆಯ ತುದಿಯಲ್ಲಿ ಹುಟ್ಟುವ ದ-ಕ್ಕೆ ಇಬ್ಬರನ್ನೂ ಒಪ್ಪಿಸುತ್ತದೆ.

ಇಷ್ಟಕ್ಕೂ ಮಿದುಳಿಗೆ ತಲುಪುವುದು ದನಿಯೂ ಅಲ್ಲ, ಚಿತ್ರವೂ ಅಲ್ಲ. ಗಾಳಿಯ ಅಲೆಗೆ ಕಿವಿಯ ತಮಟೆ ಅದುರುತ್ತದೆ, ಮೂರು ಪುಟ್ಟ ಮೂಳೆಗಳು ಆ ಅದುರನ್ನು ಒಳಗಿವಿಗೆ ದಾಟಿಸುತ್ತವೆ, ಅಲ್ಲಿನ ರೋಮಕೋಶಗಳು ಅದನ್ನು ವಿದ್ಯುತ್ ಸಂಕೇತವಾಗಿಸುತ್ತವೆ. ಕಣ್ಣಿನಲ್ಲಿ ಬೆಳಕು ಗ್ರಹಿಸುವ ಕೋಶಗಳು ಸುಮಾರು 12 ಕೋಟಿಗೂ ಹೆಚ್ಚು. ಅವುಗಳ ಸುದ್ದಿ ಹೊತ್ತೊಯ್ಯುವ ನರತಂತುಗಳು ಮಾತ್ರ ಹತ್ತು ಲಕ್ಷದ ಆಸುಪಾಸು. ಅಂದರೆ ಕಂಡದ್ದನ್ನು ಕಣ್ಣೇ ಸಾಕಷ್ಟು ಸಂಕ್ಷೇಪಿಸಿ ಕಳಿಸಿರುತ್ತದೆ. ಉಳಿದದ್ದು ಮಿದುಳಿನ ಊಹೆ.

ಊಹೆ ಎಂದರೆ ಬೇಕಾಬಿಟ್ಟಿಯಲ್ಲ. ದನಿ ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಕಣ್ಣಿನ ಮಾತೇ ನಡೆಯುತ್ತದೆ. ಟಿ.ವಿ.ಯ ಸ್ಪೀಕರ್ ಎಲ್ಲೇ ಇರಲಿ, ಮಾತು ನಟನ ಬಾಯಿಂದಲೇ ಬಂದಂತೆ ಅನ್ನಿಸುವುದು ಇದರಿಂದ. ಮಾತನಾಡುವ ಗೊಂಬೆಯ ಆಟ ನಡೆಯುವುದೂ ಈ ಬಲದ ಮೇಲೆಯೇ. ಯಾವಾಗ, ಎಷ್ಟು ಸಲ ಎಂಬ ಲೆಕ್ಕಕ್ಕೆ ಬಂದರೆ ಕಿವಿಯದು ಮೇಲುಗೈ. ಒಂದೇ ಸಲ ಬೆಳಕು ಮಿನುಗಿಸಿ, ಜೊತೆಗೆ ಎರಡು ಬಾರಿ 'ಬೀಪ್' ಕೇಳಿಸಿದರೆ ಅನೇಕರು ಬೆಳಕೂ ಎರಡು ಸಲ ಮಿನುಗಿತೆನ್ನುತ್ತಾರೆ. 2000ದಲ್ಲಿ ಲಾಡನ್ ಶಮ್ಸ್ ಮತ್ತು ಸಂಗಡಿಗರು ತೋರಿಸಿಕೊಟ್ಟದ್ದು ಇದನ್ನೇ. ಕಣ್ಣಾರೆ ಕಂಡೆ ಎಂದು ಆಣೆ ಮಾಡುವವರು ಸ್ವಲ್ಪ ತಡೆಯಬೇಕು!

ಈ ಕಣ್ಣು-ಕಿವಿಗಳ ಒಪ್ಪಂದವನ್ನು ಬರೀ ಭ್ರಮೆಯ ಕಥೆಯೆಂದು ಓದುವುದು ನನಗೆ ಸರಿ ಕಾಣುವುದಿಲ್ಲ. ಗದ್ದಲದಲ್ಲಿ ಮಾತನಾಡುವವರ ಮುಖ ಕಂಡರೆ ಮಾತು ಹೆಚ್ಚು ತಿಳಿಯುತ್ತದೆ ಎಂದು 1954ರಲ್ಲೇ ಸಂಬಿ ಮತ್ತು ಪೊಲಾಕ್ ಪ್ರಯೋಗದಿಂದ ತೋರಿಸಿದ್ದರು. ಶಬ್ದ ಮಸುಕಾದಷ್ಟೂ ಮುಖದ ನೆರವು ಹೆಚ್ಚು. ಹಾಗಾಗಿ ಮನೆಯಲ್ಲಿ ಕಿವಿ ಮಂದವಾದ ಅಜ್ಜ-ಅಜ್ಜಿಯರಿದ್ದರೆ, ಅಡುಗೆಮನೆಯಿಂದ ಕಿರುಚುವ ಬದಲು ಎದುರಿಗೆ ಹೋಗಿ, ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನಿಂತು, ನಿಧಾನವಾಗಿ ಮಾತಾಡಿ.